ಅಂಟಕ್ಕನ ಷರತ್ತು

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಕಾರ್ಖಾನೆಯಲ್ಲಿ ಔಷಧಿಯ ರಟ್ಟಿನ ಪೆಟ್ಟಿಗೆಗಳು ಬಾಯಿಬಿಡತೊಡಗಿದವು. ನೂರು ಅಂಟಿಸಿದರೆ ನಲವತ್ತು ಬಿಚ್ಚಿಕೊಳ್ಳುತ್ತಿದ್ದವು. ನಾಲ್ಕಕ್ಕೆ ಲಾರಿ ಬರುವಷ್ಟರಲ್ಲಿ ಎಂಟುನೂರು ಆಗಬೇಕು. ತಪ್ಪಿದರೆ ಗುತ್ತಿಗೆ ಬೇರೆಯವರ ಪಾಲು, ಪ್ಯಾಕಿಂಗಿನ ಒಂಬತ್ತು ಹೆಂಗಸರು ಮನೆಗೆ. ಅವರಲ್ಲಿ ಅಂಟಕ್ಕ ಒಬ್ಬಳು, ಅವಳ ನಾದಿನಿ ಇನ್ನೊಬ್ಬಳು.

ಹದಿನಾರು ವರ್ಷ ಅಂಟು ಕುದಿಸಿದ್ದಕ್ಕೆ ಬಿದ್ದ ಹೆಸರು ಅದು. ಹೋದ ತಿಂಗಳು ಮೇಸ್ತ್ರಿ ಬೆಣ್ಣೆ ಹಚ್ಚಿ ಮಾತಾಡಿಸಿ, ಹಿಟ್ಟು, ನೀರು, ಕಾವಿನ ಅಳತೆಯನ್ನೆಲ್ಲ ಅವಳಿಂದ ಬರೆದುಕೊಂಡ. ಹಾಳೆಯ ಕೆಳಗೆ ತನ್ನ ಹೆಸರು ಹಾಕಿ ಗೋಡೆಗೆ ಹಚ್ಚಿದ. ಅವಳನ್ನು ಪ್ಯಾಕಿಂಗಿಗೆ ದಬ್ಬಿದ. ಅಂದಿನಿಂದ ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

“ಅತ್ತಿಗೆ, ನಿಮಗೆ ಗೊತ್ತು ಅಲ್ವಾ?” ನಾದಿನಿ ಪಿಸುಗುಟ್ಟಿದಳು.

“ಗೊತ್ತು.”

“ಹೇಳ್ಬಾರ್ದಾ ಮತ್ತೆ?”

“ಹೋದ್ಸಲ ಹೇಳಿ ಇಲ್ಲಿ ಬಂದು ಬಿದ್ದಿದೀನಿ. ಈ ಸಲ ಹೇಳಿದ್ರೆ ಗೇಟಿನಾಚೆ.”

ಮೇಸ್ತ್ರಿ ಅಂಟನ್ನು ಗಟ್ಟಿ ಮಾಡಿ ನೋಡಿದ, ತೆಳು ಮಾಡಿ ನೋಡಿದ. ಹನ್ನೊಂದೂವರೆಗೆ ಕಾರ್ಖಾನೆಯ ಯಜಮಾನಿಯೇ ಮಹಡಿಯಿಂದ ಕೆಳಗಿಳಿದು ಬಂದರು. ಮೇಸ್ತ್ರಿ ಬೆವರೊರೆಸಿಕೊಳ್ಳುತ್ತಾ ಅಂಟಕ್ಕನ ಮುಂದೆ ಬಂದು ನಿಂತ.

“ಅಕ್ಕಾ, ಎಲ್ಲಿ ತಪ್ತಿದೆ ಹೇಳಿ.”

“ಹಾಳೆ ನಿಮ್ದಲ್ವಾ ಮೇಸ್ತ್ರಿ? ಅದನ್ನೇ ಕೇಳಿ.”

ಪ್ಯಾಕಿಂಗ್ ಮೇಜು ಗೊಳ್ಳೆಂದಿತು.

“ಯಾರದ್ರೀ ಆ ಹಾಳೆ?” ಯಜಮಾನಿ ಕೇಳಿದರು.

ಮೇಸ್ತ್ರಿ ನೆಲ ನೋಡಿದ. “ಅವರದೇ ಮೇಡಂ. ಹೆಸರು ಮಾತ್ರ ನಾನು ಹಾಕ್ಕೊಂಡೆ.”

ಅಂಟಕ್ಕ ಎದ್ದು ನಿಂತಳು. “ಅದರ ಮೇಲೆ ನನ್ನ ಹೆಸರು ಬರೀಲಿ. ನನ್ನ ಒಲೆ ನನಗೆ ವಾಪಸ್ ಬರ್ಲಿ. ಆಮೇಲೆ ಎಲ್ಲರ ಮುಂದೇನೇ ಹೇಳ್ತೀನಿ, ಒಬ್ಬರ ಕಿವೀಲಿ ಅಲ್ಲ.”

ಯಜಮಾನಿ ಮೇಸ್ತ್ರಿಯ ಕೈಗೆ ಪೆನ್ನು ಕೊಟ್ಟರು. “ಬರೀರಿ. ಒಲೆ ಇವತ್ತಿಂದಾನೇ ಅವರದು.” ಅವನು ತನ್ನ ಹೆಸರು ಹೊಡೆದುಹಾಕಿ ಅವಳದನ್ನು ಬರೆದ.

“ಅಂಟು ಸರಿಯಾಗೇ ಇದೆ,” ಎಂದಳು ಅಂಟಕ್ಕ. “ರಟ್ಟು ಮುಟ್ಟಿ ನೋಡಿ, ತಣ್ಣಗೆ ಕೊರೀತಿದೆ. ಚಳಿ ಬಿದ್ದ ದಿನ ಅದನ್ನ ಹಬೆ ಕೊಳವೆಗೆ ಒರಗಿಸಿ, ಇಪ್ಪತ್ತು ನಿಮಿಷ ಬಿಟ್ಟು ಅಂಟಿಸಬೇಕು.”

ಇಷ್ಟು ವರ್ಷವೂ ಎಲ್ಲರೂ ಅವಳ ಪಾತ್ರೆಯೊಳಗೇ ಇಣುಕಿದ್ದರು. ಅವಳು ರಟ್ಟು ಒರಗಿಸುವುದು ಜಾಗ ಮಾಡಿಕೊಳ್ಳಲು ಎಂದುಕೊಂಡಿದ್ದರು.

ಹನ್ನೆರಡೂ ಕಾಲಿಗೆ ನಾದಿನಿ ಹೊಸ ಪೆಟ್ಟಿಗೆಯೊಂದನ್ನು ಎರಡೂ ಕೈಯಿಂದ ಜಗ್ಗಿದಳು. “ಜಪ್ಪಯ್ಯ ಅಂದ್ರೂ ಬಿಡ್ತಿಲ್ಲ ಅತ್ತಿಗೆ! ಥೇಟ್ ನಿಮ್ಮ ಹಟ!”

ಶಿಳ್ಳೆ ಬಿತ್ತು, ಚಪ್ಪಾಳೆ ಬಿತ್ತು. ನಾಲ್ಕೂವರೆಗೆ ಎಂಟುನೂರು ಪೆಟ್ಟಿಗೆ ಹೇರಿಕೊಂಡು ಲಾರಿ ಗೇಟು ದಾಟಿತು.

ಹನ್ನೊಂದು ವರ್ಷದಿಂದ ಯಾರನ್ನೂ ತನ್ನ ಯಂತ್ರದ ಹತ್ತಿರ ಸೇರಿಸದಿದ್ದ ರಟ್ಟು ಕತ್ತರಿಸುವವನು, ಮರುದಿನ ಬೆಳಿಗ್ಗೆ ಗೋಡೆಯ ಹಾಳೆಯ ಮೇಲೆ ಅಂಟಕ್ಕನ ಹೆಸರು ಓದಿ, ಇಬ್ಬರನ್ನು ಕರೆದು ಬ್ಲೇಡು ಕೂರಿಸುವ ಬಗೆಯನ್ನು ತೋರಿಸಿಕೊಟ್ಟ.