ಎಂಟರ ಜೋಡಿ

ಕೈಯಲ್ಲಿ ಎರಡು ಎಂಟು. ನೆಲದ ಮೇಲೆ ಆಗತಾನೇ ಬಿಚ್ಚಿದ ಮೂರು ಎಲೆ: ರಾಜ, ರಾಣಿ, ಐದು. ರಂಗರಾಜು ಎಂದಿನಂತೆ ಎರಡು ಹುಣಸೆಬೀಜ ಮುಂದಕ್ಕೆ ತಳ್ಳಿ, ಕರೀಮ್ ಸಾಬರ ಮುಖ ನೋಡಿದ.

ಸಾಬರ ಅಳಿಯ ಅಜರ್ ಕಲಿಸಿದ ಇಸ್ಪೀಟ್ ಆಟ ಅದು. ಕೈಗೆ ಎರಡೆರಡು ಎಲೆ, ನೆಲಕ್ಕೆ ಇಬ್ಬರಿಗೂ ಸೇರಿದ ಐದು. ಮೊದಲು ಮೂರು, ಆಮೇಲೆ ಒಂದೊಂದು. ಕೈಯದೂ ನೆಲದ್ದೂ ಸೇರಿಸಿ ದೊಡ್ಡ ಜೋಡಿ ಕಟ್ಟಿದವರಿಗೆ ಬೀಜ, ಆಗದು ಅನ್ನಿಸಿದರೆ ಎಲೆ ಮಗುಚಿಟ್ಟು ಸೋಲೊಪ್ಪಬಹುದು. ಒಂದು ಸಲಕ್ಕೆ ಎರಡೇ ಬೀಜ, ಬೇಕಾದರೆ ಅದರ ಮೇಲೆ ಇನ್ನೆರಡು, ಅದಕ್ಕಿಂತ ಹಾರಾಡುವಂತಿಲ್ಲ. ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಯಾರ ಬೀಜ ಕಡಿಮೆಯೋ ಅವರು ರಸ್ತೆ ದಾಟಿ ಪಟಾಲಮ್ಮನ ಅಂಗಡಿಯಿಂದ ಟೀ ತರಬೇಕು.

ಸಿರಾ–ಮಧುಗಿರಿ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ರಂಗರಾಜು ಸ್ಟೇರಿಂಗ್ ಹಿಡಿದಿದ್ದ, ಸಾಬರು ಸೀಟಿ ಊದಿದ್ದರು. ಲಕ್ವ ಹೊಡೆದು ಎಡಗಾಲು ಎಳೆಯತೊಡಗಿದ ಮೇಲೆ, ಈ ಮೂರು ತಿಂಗಳಲ್ಲಿ ರಂಗರಾಜು ಒಂದು ದಿನವೂ ಸೋತಿರಲಿಲ್ಲ. ಎಲ್ಲ ತನ್ನ ಕೈಗುಣ ಎಂದು ಬೀಗಿದ್ದ, ಪಾಪ. ನಿನ್ನೆ ಸಾಬರು ಸೋತೆ ಎಂದು ಮಗುಚಿಟ್ಟ ಎಲೆಗಳನ್ನು ಎತ್ತಿ ನೋಡಿದರೆ ಎರಡು ಎಕ್ಕ, ಅದಕ್ಕಿಂತ ದೊಡ್ಡ ಜೋಡಿಯೇ ಇಲ್ಲ.

"ನನ್ನೇನು ತೊಟ್ಲು ಮಗ ಅಂದ್ಕೊಂಡ್ರಾ ಸಾಬ್ರೇ? ಇಂಗೆ ಸೋತು ಕೊಡಂಗಿದ್ರೆ ನಾಳೆಯಿಂದ ಬರ್ಬ್ಯಾಡಿ," ಎಂದು ರೇಗಿದ್ದ. ಅಂದ ಮೇಲೆ ಯೋಚನೆ ಹತ್ತಿತು. ಇರುವ ಒಬ್ಬ ಗೆಳೆಯನೂ ಬರದೇ ಹೋದರೆ? ಆದರೆ ಸಾಬರು ಇವತ್ತೂ ಮೂರಕ್ಕೆ ಸರಿಯಾಗಿ ಬಂದು, ಚಪ್ಪಲಿ ಬಿಟ್ಟು, ಎಲೆ ಕಲೆಸಿದ್ದರು.

ಇದು ಕೊನೆಯ ಕೈ. ಇಲ್ಲಿಯವರೆಗೆ ಇಬ್ಬರದೂ ಸಮ.

"ನಿಮ್ದು ಎರಡು. ಅದರ ಮ್ಯಾಲೆ ನಂದು ಎರಡು," ಎಂದು ಸಾಬರು ನಾಲ್ಕು ಬೀಜ ಇಟ್ಟರು.

ರಂಗರಾಜು ಬೆರಗಾದ. ಮೂರು ತಿಂಗಳಲ್ಲಿ ಸಾಬರು ಅವನೆದುರು ಏರಿಸಿದ್ದೇ ಇಲ್ಲ. ಜೋಡಿ ಬಂದರೆ ಜಪ್ಪಯ್ಯ ಅಂದರೂ ಬಿಡದವನು ರಂಗರಾಜು. ಎಂಟೇನು ಚಿಕ್ಕದಲ್ಲ, ಆದರೆ ರಾಜ ರಾಣಿ ಇಬ್ಬರೂ ಕೂತಿರುವಾಗ ದೊಡ್ಡದೂ ಅಲ್ಲ. ಇನ್ನೊಂದು ಎಂಟು ಬರಲಿ ಎಂದು ಕಾಯುವುದು ಹೋದ ಬಸ್ಸಿಗೆ ಕೈ ಅಡ್ಡ ಹಿಡಿದ ಹಾಗೆ. ಅದೂ ಅಲ್ಲದೆ, ಸಾಬರು ಸುಮ್ಮಸುಮ್ಮನೆ ಸೀಟಿ ಊದಿದ್ದು ಅವನಿಗೆ ನೆನಪಿಲ್ಲ.

ಎಂಟರ ಜೋಡಿಯನ್ನು ಮಗುಚಿಟ್ಟ.

ತೋರಿಸಬೇಕಾದ್ದೇನಿರಲಿಲ್ಲ, ಆದರೂ ಸಾಬರು ತಮ್ಮ ಕೈಯ ರಾಜನನ್ನು ನೆಲದ ರಾಜನ ಪಕ್ಕಕ್ಕಿಟ್ಟರು. ಬೀಜಗಳನ್ನು ಒಂದೂ ಬಿಡದೆ ಬಾಚಿಕೊಂಡರು. ರಂಗರಾಜುವಿನ ಕಣ್ಣು ತುಂಬಿತು.

"ಉಪಕಾರ ಆಯ್ತು ಸಾಬ್ರೇ."

"ಉಪಕಾರ ಏನ್ ಬಂತು ರಂಗಣ್ಣ. ಎಲೆ ಬಿತ್ತು, ಆಡ್ದೆ."

ಮಸೀದಿಯಿಂದ ಕೂಗು ಕೇಳಿತು. ಒಳಗಿನಿಂದ ಬಂದ ಹೆಂಡತಿ ನರಸಮ್ಮ, "ಕೊಡಿ, ನಾನೇ ಹೋಗಿ ತತ್ತೀನಿ," ಎಂದು ಫ್ಲಾಸ್ಕಿಗೆ ಕೈಚಾಚಿದಳು.

"ಸೋತಿರೋದು ಅವ್ರು ಕಣಮ್ಮ," ಎಂದು ಸಾಬರು ಫ್ಲಾಸ್ಕನ್ನು ರಂಗರಾಜುವಿನ ಕೈಗೇ ಕೊಟ್ಟು ನಮಾಜಿಗೆ ಹೊರಟರು.

ಎರಡು ಲಾರಿ ಹೋಗಲು ಬಿಟ್ಟು, ಕಾಲೆಳೆಯುತ್ತ, ನಿಂತು, ಮತ್ತೆ ಎಳೆಯುತ್ತ ರಂಗರಾಜು ರಸ್ತೆ ದಾಟಿದ. ಪಟಾಲಮ್ಮ ಸೌಟು ಹಿಡಿದವಳು ಹಾಗೇ ನಿಂತಳು.

"ಇದೇನಣ್ಣ, ನೀವೇ ಬಂದ್ಬುಟ್ರಿ?"

"ಸೋತೆ ಕಣಮ್ಮ," ಎಂದ ರಂಗರಾಜು, ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.