ಗೆರೆಗಳಲ್ಲಿ ಚಿಕ್ಕಮ್ಮ

ಈ ಸಲವೂ ಫೋನ್ ರಿಂಗಾಗಿ ರಿಂಗಾಗಿ ನಿಂತುಹೋಯಿತು. ಪರದೆಯ ಮೇಲೆ ಚಿಕ್ಕಮ್ಮ ಮಾತ್ರ ಹಾಗೇ ಇದ್ದರು: ತಲೆಗೊಂದು ಸೊನ್ನೆ, ಮೈಕೈಗೆ ನಾಲ್ಕಾರು ಗೆರೆ, ಕೆಳಗೆ ಹಸಿರು ಅಕ್ಷರದಲ್ಲಿ 'ಕುಳಿತಿದ್ದಾರೆ'. ಬೆಳಗ್ಗೆ ಅದೇ ಹಸಿರನ್ನು ಕಂಡು ಅವಳು ನೆಮ್ಮದಿಯಾಗಿ ಮೀಟಿಂಗಿಗೆ ಹೋಗಿದ್ದಳು. ಈಗ ಬಂದು ನೋಡಿದರೆ ಚಿಕ್ಕಮ್ಮ ಕೂತ ಜಾಗ ಬಿಟ್ಟು ಕದಲಿರಲಿಲ್ಲ.

ವಯಸ್ಸಾದವರು ಬಿದ್ದರೆ ತಕ್ಷಣ ಸುದ್ದಿ ಮುಟ್ಟಿಸುವ ಕ್ಯಾಮೆರಾ ಅದು. ಬಿದ್ದವರನ್ನು ಗುರುತಿಸುವುದನ್ನು ಲ್ಯಾಬಿನಲ್ಲಿ ಅದಕ್ಕೆ ಕಲಿಸಿದವಳೇ ಅವಳು. ತನ್ನನ್ನು ಸಾಕಿದ ಚಿಕ್ಕಮ್ಮನ ಅಡುಗೆಮನೆಯಲ್ಲೇ ಮೊದಲು ಹಾಕಿಸಿದ್ದಳು. "ಹಾಕ್ಕೋ, ಆದ್ರೆ ನನ್ನ ಅವತಾರ ಯಾರೂ ನೋಡಬಾರದು," ಎಂದು ಚಿಕ್ಕಮ್ಮ ಖಡಾಖಂಡಿತ ಹೇಳಿದ್ದರಿಂದ ಬರೀ ಗೆರೆ ಕಾಣುವಂತೆ ಮಾಡಿದ್ದಳು. ಚಿತ್ರ ತೆರೆಯುವ ಗುಂಡಿಯೂ ಇತ್ತು. ಒತ್ತುವುದಿಲ್ಲವೆಂದು ಮಾತು ಕೊಟ್ಟಿದ್ದಳು.

"ಫೋನ್ ಎಲ್ಲೋ ಬಿಟ್ಟಿರ್ತಾರೆ. ತರಕಾರಿ ಹೆಚ್ಚೋಕೆ ಕೂತಿರಬಹುದು, ಸುಮ್ನೆ ತಲೆ ಕೆಡಿಸ್ಕೋಬೇಡ," ಎಂದ ಪಕ್ಕದ ಮೇಜಿನ ಗೆಳೆಯ.

"ಗೆರೆ ನೆಲಕ್ಕೇ ಅಂಟಿದೆ ನೋಡು. ನೆಲದ ಮೇಲಾ? ಚಿಕ್ಕಮ್ಮಂಗೆ ಮಂಡಿ ಬಗ್ಗಲ್ಲ ಕಣೋ."

ಹೇಳಿದ ಮೇಲೆ ಅವಳಿಗೇ ಅರ್ಥವಾಯಿತು: ಬಿದ್ದವರನ್ನೇ ಅದು 'ಕುಳಿತಿದ್ದಾರೆ' ಅಂದಿರಬಹುದು. ಯಂತ್ರವನ್ನು ಬೈದು ಏನು ಬಂತು? ಬೀಳುವುದು ಅಂದರೆ ಹೀಗೆ ಅಂತ ಅದಕ್ಕೆ ತೋರಿಸಿದ್ದು ಇವರೇ. ಗಟ್ಟಿಮುಟ್ಟಾದ ವಿದ್ಯಾರ್ಥಿಗಳನ್ನು ಕರೆಸಿ, ಹಾಸಿಗೆ ಹಾಸಿ, ದಬಾರನೆ ಬೀಳಿಸಿ ವಿಡಿಯೋ ತೆಗೆದಿದ್ದರು. ಬಿದ್ದವರೂ ಬೀಳಿಸಿದವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು. ಗೋಡೆ ಹಿಡಿದು ಮೆಲ್ಲಗೆ ಕುಸಿಯುವ ಒಬ್ಬರನ್ನೂ ಅದು ನೋಡಿರಲಿಲ್ಲ. ತೋರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಗುಂಡಿ ಒತ್ತು," ಎಂದ ಗೆಳೆಯ. ಅವನ ದನಿಯೂ ಬದಲಾಗಿತ್ತು.

"ಮಾತು ಕೊಟ್ಟಿದೀನಿ."

"ಆಮೇಲೆ ಬೈಸ್ಕೊಳ್ಳುವಿಯಂತೆ. ಒತ್ತು."

ಒತ್ತಿದಳು. ಗೆರೆಗಳು ಹೋಗಿ ಚಿಕ್ಕಮ್ಮ ಬಂದರು. ಗೋಡೆಗೆ ಒರಗಿದ್ದರು. ಒಂದು ಕಾಲು ಸೊಟ್ಟಗೆ ತಿರುಗಿತ್ತು, ಸೀರೆ ಒದ್ದೆಯಾಗಿತ್ತು. ಮುಖ ನೆಟ್ಟಗೆ ಕ್ಯಾಮೆರಾದ ಕಡೆಗಿತ್ತು.

ಆಂಬುಲೆನ್ಸಿಗೆ ಹೇಳಿ, ಸಿಕ್ಕಿದ ಗಾಡಿ ಹತ್ತಿ, ಅದಕ್ಕಿಂತ ಮೊದಲೇ ಮನೆ ಸೇರಿದಳು. ತನ್ನ ಬಳಿಯಿದ್ದ ಬೀಗದ ಕೈಯಿಂದ ಬಾಗಿಲು ತೆಗೆದಳು. ಒಳಗೆ ಹೋಗಿ ನೆಲದ ಮೇಲೆ ಕೂತು ಚಿಕ್ಕಮ್ಮನ ತಣ್ಣಗಾದ ಕೈ ಹಿಡಿದುಕೊಂಡಳು. ಅಳು ತಡೆಯಲಾಗಲಿಲ್ಲ.

"ಒಂದು ಸಲ ಕೂಗಬಾರದಿತ್ತಾ ಚಿಕ್ಕಮ್ಮ? ಪಕ್ಕದ ಮನೆಯವರಾದ್ರೂ ಬರ್ತಿದ್ರು."

ಚಿಕ್ಕಮ್ಮನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಒಣಗಿದ ತುಟಿ ಸವರಿಕೊಂಡರು.

"ಯಾಕೆ ಕೂಗ್ಲಿ? ನೀನು ನೋಡ್ತಾನೇ ಇದ್ಯಲ್ಲ."

ಗೋಡೆಯಾಚೆ ಪಕ್ಕದ ಮನೆಯವರು ಊಟಕ್ಕೆ ತಟ್ಟೆ ಇಡುತ್ತಿದ್ದರು. ಒಂದೊಂದು ತಟ್ಟೆಯ ಸದ್ದೂ ಅಡುಗೆಮನೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.