ಐದರಲ್ಲಿ ಒಂದು

ಆಫೀಸು ಅಂದರೆ ಟೈರು ಅಂಗಡಿಯ ಮೇಲಿನ ಎರಡು ಕೋಣೆ. ಬಿಸಿಲೇರಿದರೆ ರಬ್ಬರಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಒಳಗೆ ಆರು ಜನ. ನೆಲದಡಿ ಎಣ್ಣೆ ಎಲ್ಲಿರಬಹುದೆಂದು ಹೇಳುವುದು ಅವಳ ಕೆಲಸ. ಭೂವಿಜ್ಞಾನಿ ಅನ್ನಲು ನಾಲಿಗೆ ಹೊರಳದೆ ಎಲ್ಲರೂ ಅವಳನ್ನು ‘ಕಲ್ಲು ಮೇಡಂ’ ಅನ್ನುತ್ತಿದ್ದರು. ಅವಳು ತೋರಿಸಿದ ಜಾಗದಲ್ಲಿ ಕೊರೆಯಲು ಬಂಡವಾಳ ತರುವುದು ಕಂಪನಿಯ ಯಜಮಾನರ ಕೆಲಸ.

ಎಣ್ಣೆ ಹುಡುಕುವುದಕ್ಕಿಂತ ದುಡ್ಡು ಹುಡುಕುವುದೇ ಕಷ್ಟ. ಬಾವಿ ಕೊರೆಯುತ್ತೇನೆಂದರೆ ಯಾವ ಬ್ಯಾಂಕೂ ಬಾಗಿಲು ತೆರೆಯುವುದಿಲ್ಲ. ಎಣ್ಣೆ ಬಂದ ಮೇಲೆ ಬೇಕಾದರೆ ಅವರೇ ಮನೆಬಾಗಿಲಿಗೆ ಬರುತ್ತಾರೆ. ಹಾಗಾಗಿ ಯಜಮಾನರು ಒಂದು ಬಾವಿಯನ್ನು ನೂರು ಪಾಲು ಮಾಡಿ ಹಲ್ಲಿನ ಡಾಕ್ಟರಿಗೆ, ನಿವೃತ್ತ ಮೇಷ್ಟ್ರಿಗೆ, ಕುರ್ಚಿ ಮೇಜಿನ ಅಂಗಡಿಯವರಿಗೆ ಮಾರುತ್ತಿದ್ದರು. ಮಾತಿನಲ್ಲೇ ಮಹಡಿ ಕಟ್ಟುವ ಮನುಷ್ಯ. ಆದರೂ ಮೊದಲ ಬಾವಿ ಬರಡಾಯಿತು, ಎರಡನೆಯದೂ ಬರಡಾಯಿತು. ಅಲ್ಲಿಗೆ ಸಂಬಳ ನಿಂತಿತು.

ಏಳು ತಿಂಗಳಾದ ಮೇಲೆ ಯಜಮಾನರು ಅವಳನ್ನು ಕರೆದು ಒಂದು ಕಾಗದ ಮುಂದಿಟ್ಟರು.

“ನಿಮ್ಮ ಬಾಕಿಗೆ ಮೂರನೇ ಬಾವೀಲಿ ಒಂದೂವರೆ ಪಾಲು ಬರೆದಿದೀನಿ, ಮೇಡಂ.”

“ನನಗೆ ಪಾಲು ಬೇಡ ಸಾರ್, ಸಂಬಳ ಕೊಡಿ.”

“ಸಂಬಳ ಕೊಡೋಕೆ ದುಡ್ಡಿದ್ದಿದ್ರೆ ನಾನ್ಯಾಕೆ ಪಾಲು ಮಾರ್ತಿದ್ದೆ?”

ಅವಳು ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿದಳು. ಮನೆಯಲ್ಲಿ ಹೇಳಲಿಲ್ಲ. ಮನೆ ಅಂದರೆ ಅಣ್ಣ, ಅತ್ತಿಗೆ. ಅಪ್ಪ ಹೋದ ಮೇಲೆ ಸರಕು ಅಂಗಳದಲ್ಲಿ ಕ್ರೇನ್ ಓಡಿಸಿ ಅವಳನ್ನು ಓದಿಸಿದವನು ಅಣ್ಣ. ‘ನನ್ನ ತಂಗಿ ಎಣ್ಣೆ ಕಂಪನೀಲಿದಾಳೆ’ ಎಂದು ನಾಲ್ಕು ಜನರ ಮುಂದೆ ಎದೆಯುಬ್ಬಿಸಿ ಹೇಳುತ್ತಿದ್ದವನಿಗೆ, ಆ ಕಂಪನಿ ಏಳು ತಿಂಗಳಿಂದ ಕಾಸು ಬಿಚ್ಚಿಲ್ಲ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಭಾನುವಾರ ಅಲ್ಲಿಗೆ ಊಟಕ್ಕೆ ಹೋಗುವಾಗ ಎಂದಿನಂತೆ ಚೀಲದ ತುಂಬ ಹಣ್ಣು ಒಯ್ಯುತ್ತಿದ್ದಳು.

ಮೂರನೇ ಬಾವಿಗೆ ಪಾಲುದಾರರನ್ನು ಕೂಡಿಸಲು ಯಜಮಾನರು ಒಂದು ಹೋಟೆಲಿನ ಹಾಲ್ ಹಿಡಿದರು. ಬಾಡಿಗೆ ಸಾಲ, ಕಾಫಿ ಸಾಲ, ಅವರ ಕೋಟು ಮಾತ್ರ ಹೊಸದು.

“ಎರಡು ಬಾವಿ ಬರಡಾದವು, ನಿಜ,” ಎಂದು ಶುರು ಮಾಡಿದರು. “ಎಣ್ಣೆ ಎಲ್ಲಿಲ್ಲ ಅಂತ ತಿಳ್ಕೊಳ್ಳೋಕೆ ಅಷ್ಟು ಖರ್ಚಾಯ್ತು. ಆ ತಿಳಿವಳಿಕೆ ನಿಮಗೆ ಪುಕ್ಕಟೆ.”

ಜನ ನಕ್ಕರು. ಆಮೇಲೆ ಪರದೆಯ ಮೇಲೆ ಅವಳು ಬರೆದ ನಕ್ಷೆ ಮೂಡಿತು. ನೆಲದೊಳಗೆ ಸದ್ದು ಹಾಯಿಸಿ ಅಳೆದು ನೋಡಿದ ಕಡೆ ಅವಳು ಗಟ್ಟಿ ಗೆರೆ ಎಳೆದಿದ್ದಳು. ಬರೀ ಊಹೆಯ ಕಡೆ ಚುಕ್ಕೆಗೆರೆ. ಪರದೆಯ ಮೇಲೆ ಚುಕ್ಕೆಗಳೇ ಇರಲಿಲ್ಲ. ಎಲ್ಲವೂ ದಪ್ಪ ನೀಲಿ ಗೆರೆ. ಎಣ್ಣೆ ಸಿಗುವ ಸಂಭವ ಐದರಲ್ಲಿ ಒಂದು ಎಂದು ಅವಳು ಬರೆದದ್ದು ಜನರಿಗೆ ಹಂಚಿದ ಕೈಪಿಡಿಯ ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿತ್ತು.

ಮರುದಿನ ಕೇಳಿದ್ದಕ್ಕೆ ಯಜಮಾನರು, “ಪ್ರಿಂಟಿನವನು ಚೆನ್ನಾಗಿ ಕಾಣ್ಲಿ ಅಂತ ಮಾಡಿರ್ಬೇಕು. ಸುಳ್ಳಂತೂ ಹೇಳಿಲ್ವಲ್ಲ?” ಅಂದರು.

ಆ ಹಾಲ್‌ನಲ್ಲಿ ಅಣ್ಣನೂ ಇದ್ದ. ಹಿಂದಿನ ವರ್ಷ ಕ್ರೇನಿನ ಸರಪಳಿ ತುಂಡಾಗಿ ಕಬ್ಬಿಣದ ತೊಲೆ ಅವನ ಎಡಗಾಲ ಮೇಲೆ ಬಿದ್ದಿತ್ತು. ಕೆಲಸ ಹೋಗಿ ಪರಿಹಾರ ಬಂದಿತ್ತು. ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು ಎಂದು ಅತ್ತಿಗೆ ದಿನಾ ಅನ್ನುತ್ತಿದ್ದಳು. ಆ ಇಡುಗಂಟನ್ನು ಎಲ್ಲಿ ತೊಡಗಿಸಲಿ ಎಂದು ಅವನು ಹುಡುಕುತ್ತಿದ್ದ.

ಭಾನುವಾರ ಅಡುಗೆಮನೆಯಲ್ಲಿ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಬಟಾಣಿ ಸುಲಿಯುತ್ತ ಕೇಳಿದ: “ನಾಲ್ಕು ಪಾಲು ತಗೊಳ್ಳೋಣ ಅಂತಿದೀನಿ. ನಿಮ್ಮ ಕಂಪನಿ ಯಜಮಾನರ ಮಾತು ಬಿಡು, ನೀನು ಹೇಳು. ಹಾಕ್ಲಾ, ಬೇಡ್ವಾ?”

“ಮರಳು ಹಿಂಡಿ ಎಣ್ಣೆ ತೆಗೆಯೋದು ಅಂತ ಗಾದೆ ಇತ್ತು. ಇವರು ಅದಕ್ಕೊಂದು ಕಂಪನಿ ಮಾಡಿದಾರೆ,” ಎಂದಳು ಅತ್ತಿಗೆ, ಒಲೆಯ ಕಡೆಯಿಂದ ತಿರುಗದೆ.

“ಎಣ್ಣೆ ಇರೋದೇ ಮರಳುಕಲ್ಲಲ್ಲಿ, ಅತ್ತಿಗೆ,” ಎಂದು ತಂಗಿ ನಕ್ಕಳು. ಮತ್ತೆ ಅಣ್ಣನ ಕಡೆ ತಿರುಗಿದಾಗ ನಗಲಿಲ್ಲ. “ಇಂಥ ಬಾವಿ ಐದು ಕೊರೆದ್ರೆ ನಾಲ್ಕು ಬರಡು. ಕಾಲು ಕೊಟ್ಟು ಪಡೆದ ದುಡ್ಡು ಅದು. ಹಾಕ್ಬೇಡ ಅಣ್ಣ.”

“ನೀನು ಹಾಕಿದೀಯಾ?”

“ಇಲ್ಲ.”

ಅದು ಸುಳ್ಳಲ್ಲ, ತಾನಾಗಿ ಹಾಕಿರಲಿಲ್ಲ. ಆದರೆ ಡ್ರಾಯರಿನ ಕಾಗದದ ಮಾತು ತೆಗೆದರೆ ಸಂಬಳದ ಮಾತು ಬರುತ್ತದೆ. ಇನ್ನೊಂದು ವಾರ ಬಿಟ್ಟು ಹೇಳಿದರಾಯಿತು ಅಂದುಕೊಂಡಳು. ಅಣ್ಣ ಯಜಮಾನರಿಗೆ ಫೋನು ಮಾಡಿ, ತಂಗಿ ಬೇಡ ಅಂದಳು, ಪಾಲು ಬೇಡ ಎಂದ. ಅವನು ಬಿಟ್ಟ ನಾಲ್ಕು ಪಾಲನ್ನು ಹಲ್ಲಿನ ಡಾಕ್ಟರು ಆ ಸಂಜೆಯೇ ತೆಗೆದುಕೊಂಡರು.

ಮೂವತ್ತೆಂಟನೇ ದಿನ ಬಾವಿಯಲ್ಲಿ ಎಣ್ಣೆ ಬಂತು. ಬಂತು ಅಂದರೆ ಹೀಗೆ ಹಾಗೆ ಅಲ್ಲ, ಕಂಪನಿಯ ಎಲ್ಲ ಸಾಲ ತೀರಿ ಪಾಲುದಾರರು ಮನೆ ಮಾಡಿಕೊಳ್ಳುವಷ್ಟು ಬಂತು. ಅವಳು ಕೊರೆಯುವ ಗೋಪುರದ ಬುಡದಲ್ಲಿ ನಿಂತು, ಆಳದಿಂದ ಮೇಲೆತ್ತಿ ತೊಳೆದ ಮರಳಿನ ಕಾಳುಗಳನ್ನು ಅಂಗೈಯಲ್ಲಿ ಹಿಡಿದು ಮೂಸಿದಳು. ಹತ್ತು ವರ್ಷದ ಕೆಲಸದಲ್ಲಿ ಮೊದಲ ಸಲ ಆ ವಾಸನೆ. ಸುತ್ತಲಿನವರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಅವಳಿಗೆ ಮಾತ್ರ ಬಟಾಣಿ ಸುಲಿಯುತ್ತಿದ್ದ ಅಣ್ಣನ ಬೆರಳುಗಳು ಕಣ್ಣಿಗೆ ಕಟ್ಟಿದವು.

ಯಜಮಾನರು ಪೇಪರಿನಲ್ಲಿ ಅರ್ಧ ಪುಟದ ಜಾಹೀರಾತು ಕೊಟ್ಟರು: ಬಾವಿಯ ಮುಂದೆ ಸಾಲಾಗಿ ನಿಂತ ಪಾಲುದಾರರು, ಕೆಳಗೆ ಅವರವರ ಪಾಲು. ಎರಡನೇ ಸಾಲಿನಲ್ಲಿ ಅವಳು, ಒಂದೂವರೆ.

ಅಣ್ಣನ ಮನೆಯ ಮೇಜಿನ ಮೇಲೆ ಆ ಪೇಪರು ಮಡಚಿ ಇಟ್ಟಿತ್ತು.

“ಹಾಕಿದೀಯಾ ಅಂತ ಕೇಳಿದ್ದೆ,” ಎಂದ ಅಣ್ಣ.

“ನಾನು ಹಾಕ್ಲಿಲ್ಲ ಅಣ್ಣ. ಸಂಬಳದ ಬದಲು ಅವರೇ ಅಂಟಿಸಿದ್ರು.”

“ಸಂಬಳ ಬರ್ತಿರ್ಲಿಲ್ವಾ?”

“ಏಳು ತಿಂಗಳು ಬಂದಿರ್ಲಿಲ್ಲ.”

“ನನಗೆ ಹೇಳ್ಲಿಲ್ಲ.”

“ಸಂಬಳ ಇಲ್ದೋಳು ವಾರ ವಾರ ಹಣ್ಣು ತರ್ತಿದ್ಯಲ್ಲ,” ಎಂದಳು ಅತ್ತಿಗೆ. “ಅದಕ್ಕೆ ಎಲ್ಲಿಂದ ಬಂತು?”

ಹೇಳಬಾರದಿತ್ತು. ಆದರೆ ಇನ್ನು ಏನನ್ನೂ ಮುಚ್ಚಿಡಬಾರದು ಎಂದು ಬಸ್ಸಿನಲ್ಲಿ ಬರುವಾಗಲೇ ತೀರ್ಮಾನಿಸಿದ್ದಳು. “ಅಮ್ಮನ ಬಳೆ ಮಾರಿದೆ.”

ಅಣ್ಣ ಪೇಪರನ್ನು ಇನ್ನೊಂದು ಮಡಿಕೆ ಮಡಚಿದ. ಅವಳು ಹೇಳಿದ ಒಂದೊಂದು ನಿಜವೂ ಹಿಂದಿನದಕ್ಕಿಂತ ಸುಳ್ಳಾಗಿ ಕೇಳುತ್ತಿತ್ತು.

“ಬಂದಿದ್ರಲ್ಲಿ ಅರ್ಧ ನಿನ್ನದು,” ಅಂದಳು. “ಬರೆದುಕೊಡ್ತೀನಿ.”

“ನಾಲ್ಕು ಪಾಲು ನನ್ನ ಹಕ್ಕಾಗ್ತಿತ್ತು. ಒಂದೂವರೇಲಿ ಅರ್ಧ, ಮುಕ್ಕಾಲು ಪಾಲು, ಭಿಕ್ಷೆ. ನೀನೇ ಇಟ್ಕೋ.”

ಅತ್ತಿಗೆ ಊಟಕ್ಕೆ ಬಡಿಸಿದಳು. ಮೂವರೂ ಉಂಡರು.

ಕಂಪನಿ ಗಾಜಿನ ಕಟ್ಟಡಕ್ಕೆ ಹೋಯಿತು. ನಾಲ್ಕನೇ ಬಾವಿಗೆ ಅವಳು ಮತ್ತೆ ಲೆಕ್ಕ ಹಾಕಿದಳು. ಆ ಕಡೆ ಕಲ್ಲಿನ ಪದರ ಒಡೆದಿತ್ತು, ಎಣ್ಣೆ ಇದ್ದರೂ ಎಂದೋ ಸೋರಿಹೋಗಿರಬೇಕು. ಹತ್ತರಲ್ಲಿ ಒಂದು ಎಂದು ಬರೆದಳು. ಯಜಮಾನರು ಈ ಸಲ ಒಂದು ಚುಕ್ಕೆಯನ್ನೂ ತಿದ್ದಲಿಲ್ಲ.

“ಇದ್ದ ಹಾಗೇ ಇರ್ಲಿ ಮೇಡಂ. ದೊಡ್ಡ ಅಕ್ಷರದಲ್ಲೇ ಹಾಕಿ.”

ಯಾಕೆಂದು ಅವಳಿಗೆ ಹಾಲ್‌ನಲ್ಲಿ ತಿಳಿಯಿತು. ಹಿಂದಿನ ಹಾಲ್‌ಗಿಂತ ಮೂರು ಪಟ್ಟು ದೊಡ್ಡದು, ಆದರೂ ಜನ ಗೋಡೆಗೆ ಒರಗಿ ನಿಂತಿದ್ದರು. ಯಜಮಾನರು ಮೈಕು ಹಿಡಿದು ಅವಳ ಕಡೆ ಕೈ ತೋರಿಸಿದರು.

“ನಮ್ಮ ಕಲ್ಲು ಮೇಡಂ. ಮೂರನೇ ಬಾವಿ ಬೇಡ ಅಂತ ಒಡಹುಟ್ಟಿದ ಅಣ್ಣನಿಗೇ ಹೇಳಿದ್ರು. ಪಾಪ, ಆ ಮನುಷ್ಯ ತಂಗಿ ಮಾತು ಕೇಳಿ ನಾಲ್ಕು ಪಾಲು ಬಿಟ್ರು. ಇವತ್ತು ಅದರ ಬೆಲೆ ಎಷ್ಟು ಅಂತ ಡಾಕ್ಟರನ್ನ ಕೇಳಿ.”

ಹಲ್ಲಿನ ಡಾಕ್ಟರು ಎದ್ದು ನಿಂತು ಕೈ ಮುಗಿದರು. ಹಾಲ್ ನಗೆಯಿಂದ ತುಂಬಿತು. ಕೊನೆಯ ಸಾಲಿನಲ್ಲಿ, ಎಡಗಾಲನ್ನು ಓಡಾಡುವ ದಾರಿಗೆ ಚಾಚಿ ಅಣ್ಣ ಕೂತಿದ್ದ. ಅವನೂ ನಗಲು ನೋಡಿದ, ಆಗಲಿಲ್ಲ.

ಅವಳು ಎದ್ದು ಮೈಕು ಇಸಿದುಕೊಂಡಳು. “ಹತ್ತರಲ್ಲಿ ಒಂಬತ್ತು ಸಲ ಇಲ್ಲಿ ಏನೂ ಸಿಗಲ್ಲ. ದಯವಿಟ್ಟು ಉಳಿದಿರೋ ಗಂಟನ್ನ ಯಾರೂ ಹಾಕ್ಬೇಡಿ.”

“ಮೇಡಂ ಬೇಡ ಅಂದ್ರು, ಬೇಗ ಬೇಗ ಹಾಕ್ರಪ್ಪ,” ಎಂದರು ಯಾರೋ. ಮತ್ತೆ ನಗೆ. ಒಂದು ಗಂಟೆಯೊಳಗೆ ನೂರು ಪಾಲೂ ಖರ್ಚಾದವು.

ಸಹಿ ಮಾಡುವವರ ಸಾಲಿನಲ್ಲಿ ಅವಳು ಅಣ್ಣನ ತೋಳು ಹಿಡಿದಳು. “ಅಣ್ಣ, ಬೇಡ.”

“ಈ ಸಲ ನಿಂದೆಷ್ಟು ಪಾಲು?”

“ಒಂದೂ ಇಲ್ಲ.”

“ಹೋದ ಸಲಾನೂ ಇಲ್ಲ ಅಂದಿದ್ದೆ,” ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. ಸಾಲು ಮುಂದೆ ಸರಿಯಿತು, ಅವನೂ ಕುಂಟುತ್ತ ಸರಿದ. ಅವಳ ಕೈ ತಾನಾಗಿ ಜಾರಿತು.

ನಲವತ್ತೇಳು ದಿನ ಕೊರೆದರು. ಬಂದದ್ದು ಉಪ್ಪುನೀರು. ಬಾವಿ ಬರಡು ಎಂಬ ವರದಿಗೆ ಸಹಿ ಹಾಕಿ, ಕಂಪನಿಯ ಪತ್ರ ಬರುವ ಮೊದಲೇ ತಿಳಿಯಲಿ ಎಂದು ಅವಳು ನೇರ ಅಣ್ಣನ ಮನೆಗೆ ಹೋದಳು. ಬಾಗಿಲು ತೆರೆದವನು ಅವಳ ಮುಖ ನೋಡಿ ಒಳಗೆ ಹೋಗಿ ಕೂತ. “ನೀನು ಹೇಳಿದ್ದೆ,” ಎಂದ.

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

“ಹೇಳಿದ್ರೆ ಆಯ್ತಾ?” ಎಂದಳು ಅತ್ತಿಗೆ. “ಬರೋ ದುಡ್ಡಿಗೆ ಗಟ್ಟಿಯಾಗಿ ಅಡ್ಡ ನಿಂತೆ. ಹೋಗೋ ದುಡ್ಡಿಗೆ ತೋಳು ಹಿಡಿದು ಬಿಟ್ಟೆ. ಕೈಯಿಂದ ಪೆನ್ನು ಕಿತ್ಕೋಬಾರ್ದಿತ್ತಾ?”

ಕಿತ್ತುಕೊಳ್ಳಬಹುದಿತ್ತು. ಆ ಸಾಲಿನಲ್ಲಿ ನಿಂತಾಗ ಒಂದು ಕ್ಷಣ ಅವಳಿಗೂ ಅನ್ನಿಸಿತ್ತು: ಹತ್ತರಲ್ಲಿ ಒಂದು ನಿಜವಾಗಿಬಿಟ್ಟರೆ? ಎರಡನೇ ಸಲವೂ ಅವನ ಕೈಗೆ ಬರುವುದನ್ನು ತಾನೇ ತಪ್ಪಿಸಿದಂತಾದರೆ? ಆ ಹೆದರಿಕೆಯಿಂದಲೇ ಕೈ ಜಾರಿದ್ದು. ಅದನ್ನು ಅವಳು ಅತ್ತಿಗೆಗೆ ಹೇಳಲಿಲ್ಲ.

ಯಜಮಾನರಿಗೆ ಏನೂ ಆಗಲಿಲ್ಲ. ಎಣ್ಣೆ ಬರಲಿ ಬಿಡಲಿ, ಕೂಡಿಸಿದ ಬಂಡವಾಳದಲ್ಲಿ ಅವರ ಪಾಲು ಮೊದಲೇ ಎತ್ತಿಟ್ಟಾಗಿರುತ್ತದೆ. ಅವಳು ರಾಜೀನಾಮೆ ಕೊಟ್ಟಾಗ ಅವರಿಗೆ ನಿಜವಾಗಿ ಬೇಸರವಾಯಿತು.

“ಐದನೇದಕ್ಕೆ ನಕ್ಷೆ ಬೇಡ ಮೇಡಂ, ಬೇರೆಯವರು ಮಾಡ್ತಾರೆ. ನೀವು ಹಾಲ್‌ಗೆ ಬಂದು ಬೇಡ ಅನ್ನಿ ಸಾಕು.”

ಈಗ ಅವಳು ಕಟ್ಟಡ ಕಟ್ಟುವವರಿಗೆ ಮಣ್ಣು ಪರೀಕ್ಷೆ ಮಾಡಿಕೊಡುತ್ತಾಳೆ. ಅಣ್ಣ ಒಂದು ಕಾರು ನಿಲ್ದಾಣದ ಗೂಡಿನಲ್ಲಿ ಕೂತು ಚೀಟಿ ಹರಿದುಕೊಡುತ್ತಾನೆ. ಮೂರನೇ ಬಾವಿಯಿಂದ ಬರುವುದರ ಅರ್ಧವನ್ನು ಅವಳು ತಿಂಗಳು ತಿಂಗಳು ಅತ್ತಿಗೆಯ ಖಾತೆಗೆ ಹಾಕುತ್ತಾಳೆ. ಈಗ ಅವರು ಬೇಡವೆನ್ನುವುದಿಲ್ಲ. ಅತ್ತಿಗೆಯ ಫೋನಿನಿಂದ ‘ಬಂತು’ ಎಂಬ ಒಂದು ಪದ ಬರುತ್ತದೆ. ಅದಕ್ಕಿಂತ ಹೆಚ್ಚಿನ ಮಾತು ಆ ಮನೆಗೂ ಅವಳಿಗೂ ಉಳಿದಿಲ್ಲ.

ಬಾವಿಯ ಎಣ್ಣೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಕಡಿಮೆ ಬಿದ್ದಷ್ಟನ್ನು ಅವಳು ತನ್ನ ಸಂಬಳದಿಂದ ತುಂಬಿ ಕಳಿಸುತ್ತಾಳೆ. ಅವರಿಗೆ ಹೇಳಿಲ್ಲ.